ಬೋರ್ ಮುಚ್ಚಿದರೆ ಮುಗಿಯಿತೇ?

ನೀರಿನಲ್ಲಿ ವಿಷ ಸಿಕ್ಕಿತೆಂಬ ಸುದ್ದಿ ನಮ್ಮಲ್ಲಿ ಒಂದೇ ಧಾಟಿಯಲ್ಲಿ ಹುಟ್ಟಿ ಒಂದೇ ಧಾಟಿಯಲ್ಲಿ ಆರಿಹೋಗುತ್ತದೆ. ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ, ಕೆಲವು ತಿಂಗಳ ಮೇಲೆ ಅಂಕಿ ಹೊರಬೀಳುತ್ತದೆ, ಅಧಿಕಾರಿಗಳ ಜೀಪು ಬರುತ್ತದೆ, ಕೈಪಂಪಿಗೆ ಕೆಂಪು ಬಣ್ಣ ಬಳಿಯುತ್ತಾರೆ, ಬೇರೆ ನೀರಿನ ಮಾತಾಗುತ್ತದೆ. ಅಲ್ಲಿಗೆ ಕಡತ ಮುಚ್ಚಿತು. ಚರಿತ್ರೆ ಬರೆಯುವವರೂ ಬಹುಮಟ್ಟಿಗೆ ಈ ಕಡತವನ್ನೇ ನೆಚ್ಚುತ್ತಾರೆ. ಇಂಥ ವರ್ಷ ಶುರುವಾಯಿತು, ಇಂಥ ವರ್ಷ ಮುಗಿಯಿತು ಎಂದು ಎರಡು ಗೆರೆ ಎಳೆದರೆ ಅವರ ಕೆಲಸವೂ ಹಗುರ. ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಆರ್ಸೆನಿಕ್ ಪ್ರಕರಣವನ್ನು ಹಾಗೆ ಬರೆಯಲು ಬರುವುದಿಲ್ಲ ಎಂಬುದು ನನ್ನ ವಾದ. ಆ ಘಟನೆಯ ಅವಧಿಯನ್ನು ತೀರ್ಮಾನಿಸುವುದು ನೀರಿನ ದಾಖಲೆಯಲ್ಲ, ಆ ನೀರು ಕುಡಿದವರ ತೊಗಲು. ಇನ್ನೂ ಬಿಡಿಸಿ ಹೇಳಬೇಕೆಂದರೆ, ಸಾಯಬೇಕಾಗಿದ್ದೂ ಸಾಯದೆ ಉಳಿದ ಕೆಲವು ಜೀವಕೋಶಗಳು. ಈ ಮಾತು ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಚರ್ಮದ ಕ್ಯಾನ್ಸರಿನ ಬಗ್ಗೆ ಇನ್ನೂರು ವರ್ಷಗಳಲ್ಲಿ ಕೂಡಿಬಂದ ತಿಳಿವಳಿಕೆ ಇದನ್ನೇ ಹೇಳುತ್ತದೆ.

ಮೊದಲು ನೆಲದ ಮಾತು. ಕರ್ನಾಟಕದಲ್ಲಿ ಬಂಗಾರ ಸಿಗುವುದು ಎರಡೂವರೆ ನೂರು ಕೋಟಿ ವರ್ಷಕ್ಕೂ ಹಳೆಯದಾದ ಹಸಿರುಶಿಲೆಯ ಪಟ್ಟಿಗಳಲ್ಲಿ. ಕೋಲಾರದ್ದು ಅಂಥದೊಂದು ಪಟ್ಟಿ, ರಾಯಚೂರು ಜಿಲ್ಲೆಯ ಹಟ್ಟಿಯದು ಇನ್ನೊಂದು, ಸುರಪುರದ ಮಂಗಳೂರಿನದು ಮತ್ತೊಂದು (ಇದು ಕಡಲ ದಂಡೆಯ ಮಂಗಳೂರಲ್ಲ, ಅದೇ ಹೆಸರಿನ ಹಳ್ಳಿ). ಈ ಕಲ್ಲುಗಳಲ್ಲಿ ಬಂಗಾರ ಒಂಟಿಯಾಗಿರುವುದು ಕಡಿಮೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ ಆರ್ಸೆನೊಪೈರೈಟ್ ಎಂಬ ಖನಿಜ ಎಷ್ಟೋ ಕಡೆ ಅದರ ಜೊತೆಗಿರುತ್ತದೆ. ಬಂಗಾರ ಹುಡುಕುವವನಿಗೆ ಅದು ದಾರಿ ತೋರುವ ಕಲ್ಲು, ನೀರು ಕುಡಿಯುವವನಿಗೆ ಪಾಷಾಣದ ತವರು. ಸುರಪುರದ ದೊರೆ ವೆಂಕಟಪ್ಪ ನಾಯಕನ 1858ರ ಬಂಡಾಯ ಮುರಿದುಬಿದ್ದ ಮೇಲೆ 1860ರಲ್ಲಿ ಸುರಪುರ ಸಂಸ್ಥಾನ ನಿಜಾಮನ ಕೈಸೇರಿತು. ಆ ಶತಮಾನದ ಕೊನೆಗೆ ನಿಜಾಮನ ಸೀಮೆಯಲ್ಲಿ ಬ್ರಿಟಿಷ್ ಬಂಡವಾಳದ ಕಂಪನಿಗಳು ಬಂಗಾರದ ಬೆನ್ನುಹತ್ತಿದವು, ಮಂಗಳೂರಿನಲ್ಲಿಯೂ ಗಣಿ ತೆರೆಯಿತು. ಅದು ನಿಂತುಹೋಗಿ, ಎಷ್ಟೋ ದಶಕಗಳ ಮೇಲೆ 1980ರ ದಶಕದಲ್ಲಿ ಮತ್ತೆ ಶುರುವಾಗಿ, 1990ರ ದಶಕದಲ್ಲಿ ಮತ್ತೆ ಮುಚ್ಚಿತು. ಬಂಗಾರ ಹೋಯಿತು, ಅರೆದುಬಿಟ್ಟ ಕಲ್ಲಿನ ಪುಡಿ ನೆಲದ ಮೇಲೆ ಉಳಿಯಿತು. ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಕೂತು ಓದುವವರಿಗೆ ಇದು ಯಾರದೋ ಸೀಮೆಯ ಕಥೆ ಅನ್ನಿಸಬೇಕಾಗಿಲ್ಲ. ತುಂಗಭದ್ರೆಯ ಆಚೆ ದಡದ ಮುಂಡರಗಿ ಸೀಮೆಯ ಕಪ್ಪತಗುಡ್ಡವೂ ಇಂಥದೇ ಕಲ್ಲಿನ ಸಾಲು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿಯೂ ಬಂಗಾರದ ಗಣಿಗಳು ನಡೆದಿದ್ದವು, ಅಲ್ಲಿನ ಅದಿರಿನಲ್ಲಿಯೂ ಆರ್ಸೆನೊಪೈರೈಟ್ ಇದೆ. ಅಲ್ಲಿ ನೀರು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಅದಿರಿನಲ್ಲಿರುವುದೆಲ್ಲ ಬೋರಿನ ನೀರಿಗೆ ಬರಲೇಬೇಕೆಂದೂ ಇಲ್ಲ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಬೋರಿನ ನೀರಿನ ದೋಷವೆಂದರೆ ಎಲ್ಲರಿಗೂ ನೆನಪಾಗುವುದು ಫ್ಲೋರೈಡ್. ಒಂದು ದೋಷ ಪರಿಚಿತವಾದ ಮೇಲೆ ಇನ್ನೊಂದನ್ನು ಹುಡುಕುವ ರೂಢಿ ನಮ್ಮ ಕಚೇರಿಗಳಿಗೆ ಕಡಿಮೆ, ಅಷ್ಟೇ.

ನೆಲದಡಿಯ ಆರ್ಸೆನಿಕ್ ಜನರ ಹೊಟ್ಟೆಗೆ ಹೋದದ್ದು ಕೇಡು ಬಗೆದವರಿಂದಲ್ಲ, ಒಳ್ಳೆಯದು ಮಾಡಹೊರಟವರಿಂದ. ಇದನ್ನು ಮರೆತರೆ ಚರಿತ್ರೆ ಬರಿಯ ಬೈಗುಳವಾಗುತ್ತದೆ. ಒಣಸೀಮೆಯ ಹಳ್ಳಿಗಳಲ್ಲಿ ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ ನಾರುಹುಣ್ಣಿನ ಕಾಟ ವಿಪರೀತವಾಗಿತ್ತು. ಹುಣ್ಣಿದ್ದವರು ನೀರಿಗೆ ಕಾಲಿಟ್ಟರೆ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು, ಅದನ್ನು ಕುಡಿದವರ ಕಾಲಿನಿಂದ ಮರುವರ್ಷ ಮೊಳಕ್ಕೂ ಉದ್ದದ ಹುಳು ಹೊರಬರುತ್ತಿತ್ತು. ದೇಶದಲ್ಲಿ ಆ ರೋಗ ಬೇರೂರಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದನ್ನು ತೊಡೆಯಲು ಇದ್ದ ದೊಡ್ಡ ಆಯುಧವೇ ಕೊಳವೆಬಾವಿ ಮತ್ತು ಇಂಡಿಯಾ ಮಾರ್ಕ್-2 ಕೈಪಂಪು. 1996ರಲ್ಲಿ ದೇಶದ ಕೊನೆಯ ರೋಗಿ ಪತ್ತೆಯಾದ, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಬೋರಿನ ನೀರನ್ನು ಅಳೆದದ್ದು ರೋಗಾಣುವಿನ ಕಣ್ಣಿನಿಂದ, ಕಲ್ಲಿನ ಕಣ್ಣಿನಿಂದಲ್ಲ. ಪಶ್ಚಿಮ ಬಂಗಾಳದಲ್ಲಿ ಆದದ್ದೂ ಇದೇ. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ. ಸಿ. ಸಾಹಾ ತಮ್ಮ ಬಳಿ ಬಂದ ಹಳ್ಳಿಗರ ಮೈಮೇಲಿನ ಕಲೆಗಳಿಗೆ ಕೊಳವೆಬಾವಿಯ ನೀರೇ ಮೂಲವೆಂದು ಗುರುತಿಸಿದರು.

ಕಿರದಳ್ಳಿ ತಾಂಡಾದ ವಿಷಯ ವಿದ್ವತ್ ಲೋಕಕ್ಕೆ ಪೂರ್ತಿಯಾಗಿ ತಿಳಿದದ್ದು 2013ರಲ್ಲಿ. ಬಂಗಾಳದ ಆರ್ಸೆನಿಕ್ ಪ್ರಕರಣಗಳನ್ನು ದಶಕಗಳ ಕಾಲ ಬೆನ್ನುಹತ್ತಿದ್ದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಅವರ ಜೊತೆ ಕೆಲಸ ಮಾಡಿದ ಕರ್ನಾಟಕದ ವೈದ್ಯರು, ವಿಜ್ಞಾನಿಗಳು ಆ ವರ್ಷ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು ಮಾದರಿಗಳು ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ದಾಟಿದ್ದವು. ಒಂದರಲ್ಲಂತೂ 303 ಮೈಕ್ರೊಗ್ರಾಂ, ಅಂದರೆ ಮಿತಿಯ ಮೂವತ್ತು ಪಟ್ಟು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರು ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ತೋರಿದವು. 171 ಜನರ ಕೂದಲು, ಉಗುರು ಪರೀಕ್ಷಿಸಿದಾಗ ಎಲ್ಲರಲ್ಲಿಯೂ ಅದು ಸಹಜಕ್ಕಿಂತ ಹೆಚ್ಚಿತ್ತು. ತಪಾಸಣೆಗೆ ಒಳಗಾದ 181 ಜನರಲ್ಲಿ ನೂರಕ್ಕೆ 58.6 ಮಂದಿಗೆ ಆರ್ಸೆನಿಕ್‌ನ ಚರ್ಮಲಕ್ಷಣಗಳಿದ್ದವು. ನಾಲ್ವರ ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂವರಲ್ಲಿ ಅನುಮಾನ ಖಚಿತವಾಯಿತು. ಕೂದಲು, ಉಗುರುಗಳನ್ನೇ ಏಕೆ ನೋಡಿದರೆಂದರೆ, ಅವು ಗಂಧಕ ಹೆಚ್ಚಿರುವ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಆರ್ಸೆನಿಕ್ ಆ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಚರ್ಮದ ಹೊರಪದರದ್ದೂ ಅದೇ ಪ್ರೋಟೀನು. ಲಿವರು, ಮೂತ್ರಕೋಶ, ಶ್ವಾಸಕೋಶಗಳೆಲ್ಲ ಕೆಡುವ ಈ ವಿಷದಲ್ಲಿ ಮೊದಲು ಸಾಕ್ಷಿ ನುಡಿಯುವುದು ತೊಗಲೇ ಆಗಲು ಇದೂ ಒಂದು ಕಾರಣ.

ಈ ಅಂಕಿಗಳ ಬಗ್ಗೆ ಎದುರುವಾದ ಹೂಡುವವರಿಗೆ ಜಾಗವಿಲ್ಲದಿಲ್ಲ. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರ ಅಂಗಾಲಿನಲ್ಲಿ ಆಣಿ, ಕುಡುಗೋಲು ಗುದ್ದಲಿ ಹಿಡಿದ ಅಂಗೈಯಲ್ಲಿ ಗಂಟು ಎಲ್ಲ ಊರಿನಲ್ಲೂ ಇರುತ್ತದೆ, ಬಿಸಿಲಿಗೆ ಬೆನ್ನು ಕಪ್ಪಾಗುತ್ತದೆ, ಇದರಲ್ಲಿ ಹೊಸದೇನು ಎಂದು ಅವರು ಕೇಳಬಹುದು. ಆದರೆ ದುಡಿಮೆಯ ಆಣಿ ಒತ್ತು ಬೀಳುವ ಕಡೆ ಏಳುತ್ತದೆ. ಆರ್ಸೆನಿಕ್‌ನ ಗಂಟುಗಳು ಎರಡೂ ಅಂಗೈ, ಎರಡೂ ಅಂಗಾಲುಗಳಲ್ಲಿ ಸಮನಾಗಿ, ಒತ್ತು ಬೀಳದ ಕಡೆಯೂ ಏಳುತ್ತವೆ. ಬಟ್ಟೆಯಡಿಯ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು ಮೂಡುತ್ತವೆ. ಅಲ್ಲಿ ಬಿಸಿಲಿಗೆ ಪ್ರವೇಶವಿಲ್ಲ. ಲಕ್ಷಣ ಇದ್ದವರೇ ತಪಾಸಣೆಗೆ ಮುಂದೆ ಬಂದಿರಬಹುದು, ಹಾಗಾಗಿ ಪ್ರಮಾಣ ಉಬ್ಬಿರಬಹುದು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೂ 171 ಜನರಲ್ಲಿ ಒಬ್ಬರ ಕೂದಲೂ ನಿರ್ದೋಷವಾಗಿರಲಿಲ್ಲ ಎಂಬ ಮಾತು ಈ ಆಕ್ಷೇಪಕ್ಕೆ ಬಗ್ಗುವುದಿಲ್ಲ. ಲಕ್ಷಣವಿಲ್ಲದವರ ಮೈಯಲ್ಲಿಯೂ ವಿಷವಿತ್ತು. ಇನ್ನು ಆರ್ಸೆನಿಕ್ ಬಂದದ್ದು ಗಣಿಯ ಪುಡಿಯಿಂದಲೋ ಕಲ್ಲಿನಿಂದ ತಾನಾಗಿಯೋ ಎಂಬ ಚರ್ಚೆ. ಮಣ್ಣಿನ ಅಂಕಿಗಳು ಗಣಿಯ ಕಡೆ ಬೆರಳು ತೋರುತ್ತವೆ, ನೀರಿನದು ಎರಡೂ ಆಗಿರಬಹುದು. ಪರಿಹಾರ ಯಾರು ಕೊಡಬೇಕೆಂಬ ಪ್ರಶ್ನೆಗೆ ಈ ವ್ಯತ್ಯಾಸ ದೊಡ್ಡದು. ಚರ್ಮದ ಜೀವಕೋಶಕ್ಕೆ ಅದು ವ್ಯತ್ಯಾಸವೇ ಅಲ್ಲ.

ಆರ್ಸೆನಿಕ್ ಮತ್ತು ಚರ್ಮದ ಕ್ಯಾನ್ಸರಿನ ನಂಟು ಮೊದಲು ಕಂಡದ್ದು ವಿಷ ಕುಡಿದವರಲ್ಲಲ್ಲ, ಔಷಧಿ ಕುಡಿದವರಲ್ಲಿ. 1786ರಲ್ಲಿ ಇಂಗ್ಲೆಂಡಿನ ಥಾಮಸ್ ಫೌಲರ್ ಜ್ವರಕ್ಕೆಂದು ಆರ್ಸೆನಿಕ್ ದ್ರಾವಣವೊಂದನ್ನು ಬಳಕೆಗೆ ತಂದ. ಅದು ನೂರಕ್ಕೂ ಹೆಚ್ಚು ವರ್ಷ ಚರ್ಮರೋಗಕ್ಕೂ ರಕ್ತಹೀನತೆಗೂ ನಡೆಯಿತು. ಸೋರಿಯಾಸಿಸ್‌ಗೆಂದು ವರ್ಷಾನುಗಟ್ಟಲೆ ಅದನ್ನು ಕುಡಿದವರ ಅಂಗೈಯಲ್ಲಿ ಗಂಟುಗಳೆದ್ದು ಆಮೇಲೆ ಕ್ಯಾನ್ಸರ್ ಆದುದನ್ನು 1880ರ ದಶಕದಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಗಮನಿಸಿದ. ಕ್ಯಾನ್ಸರಿಗೆ ಮುಂಚೆ ಒಂದು ಹಂತವಿದೆ, ಅದನ್ನು ಕಣ್ಣಿಂದಲೇ ನೋಡಬಹುದು ಎಂಬ ಕಲ್ಪನೆ ಗಟ್ಟಿಯಾದದ್ದು ಈ ಹೊತ್ತಿನಲ್ಲೇ. 1912ರಲ್ಲಿ ಬಾಸ್ಟನ್ನಿನ ಜಾನ್ ಬೋವೆನ್ ಇಬ್ಬರು ರೋಗಿಗಳ ಚರ್ಮದ ಮೇಲಿನ ಹಠಮಾರಿ ಕೆಂಪು ಪಟ್ಟಿಗಳನ್ನು ವರ್ಣಿಸಿದ. ಚರ್ಮದ ಹೊರಪದರದ ಜೀವಕೋಶಗಳು ಅಡ್ಡಾದಿಡ್ಡಿಯಾಗಿದ್ದರೂ ಕೆಳಗಿನ ಗಡಿಯನ್ನು ಇನ್ನೂ ದಾಟಿರಲಿಲ್ಲ. ಆರ್ಸೆನಿಕ್ ಕುಡಿದ ಊರುಗಳಲ್ಲಿ ಅತಿ ಹೆಚ್ಚು ಕಾಣುವ ಪೂರ್ವಕ್ಯಾನ್ಸರ್ ಸ್ಥಿತಿಗಳಲ್ಲಿ ಈ ಬೋವೆನ್ ರೋಗವೂ ಒಂದು. ಇಷ್ಟಾದರೂ ಊರಿಗೆ ಊರೇ ನೀರಿನಿಂದ ಹೀಗಾಗುತ್ತದೆಂದು ಲೆಕ್ಕವಿಟ್ಟು ತೋರಿಸಲು 1968ರ ತನಕ ಕಾಯಬೇಕಾಯಿತು. ಆ ವರ್ಷ ತೈವಾನಿನ ನೈರುತ್ಯ ಕರಾವಳಿಯ 37 ಹಳ್ಳಿಗಳ 40,421 ಜನರ ಸಮೀಕ್ಷೆಯನ್ನು ಡಬ್ಲ್ಯು. ಪಿ. ತ್ಸೆಂಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಸಾವಿರಕ್ಕೆ 183.5 ಜನರಲ್ಲಿ ಚರ್ಮ ಕಪ್ಪಾಗಿತ್ತು, 71ರಲ್ಲಿ ಗಂಟುಗಳಿದ್ದವು, 10.6ರಲ್ಲಿ ಚರ್ಮದ ಕ್ಯಾನ್ಸರಿತ್ತು. ಕಪ್ಪು ಕಲೆ ಮೂಡಿದವರಲ್ಲಿ ಅತಿ ಚಿಕ್ಕವರ ವಯಸ್ಸು 3, ಗಂಟಿನವರದು 4, ಕ್ಯಾನ್ಸರಿನವರದು 24. ಈ ಮೂರು ವಯಸ್ಸುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನ್ನ ವಾದದ ಅರ್ಧ ಅಲ್ಲೇ ಇದೆ: ಕಲೆಗೂ ಗಂಟಿಗೂ ನಡುವೆ ಹೆಚ್ಚು ಕಾಲವಿಲ್ಲ, ಗಂಟಿಗೂ ಕ್ಯಾನ್ಸರಿಗೂ ನಡುವೆ ಎರಡು ದಶಕ.

ಆ ಎರಡು ದಶಕ ಚರ್ಮದೊಳಗೆ ಏನು ನಡೆಯುತ್ತಿರುತ್ತದೆ? ಇದಕ್ಕೆ ಉತ್ತರ ಬಂದದ್ದು ಹುಟ್ಟನ್ನು ನೋಡುತ್ತಿದ್ದವರಿಂದಲ್ಲ, ಸಾವನ್ನು ನೋಡುತ್ತಿದ್ದವರಿಂದ. ಕ್ಯಾನ್ಸರೆಂದರೆ ಜೀವಕೋಶಗಳು ಮಿತಿಮೀರಿ ಹೆಚ್ಚುವುದು ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, 1972ರಲ್ಲಿ, ಜಾನ್ ಕೆರ್, ಆ್ಯಂಡ್ರೂ ವೈಲಿ, ಅಲೆಸ್ಟೇರ್ ಕರೀ ಎಂಬ ಮೂವರು ಅಪೊಪ್ಟೋಸಿಸ್ ಎಂಬ ಸಾವಿನ ಬಗೆಯನ್ನು ವಿವರಿಸಿದರು. ಪೆಟ್ಟು ತಿಂದು ಒಡೆದು ಸುತ್ತ ಉರಿಯೂತ ಎಬ್ಬಿಸುವ ಸಾವಲ್ಲ ಅದು. ಜೀವಕೋಶ ತಾನೇ ಕುಗ್ಗಿ, ಚೂರಾಗಿ, ನೆರೆಯ ಕೋಶಗಳಿಗೆ ಸದ್ದಿಲ್ಲದೆ ಆಹಾರವಾಗುವ ಕ್ರಮಬದ್ಧ ಸಾವು. ಆ ಲೇಖನ ಬಹಳ ವರ್ಷ ಯಾರ ಗಮನಕ್ಕೂ ಬೀಳಲಿಲ್ಲ. 1979ರಲ್ಲಿ ಕೆಲವು ಪ್ರಯೋಗಾಲಯಗಳು ಬೇರೆ ಬೇರೆಯಾಗಿ ಪಿ53 ಎಂಬ ಪ್ರೋಟೀನನ್ನು ಕಂಡುಹಿಡಿದವು. ಮೊದಲ ಹತ್ತು ವರ್ಷ ಅದು ಕ್ಯಾನ್ಸರ್ ತರುವ ಪ್ರೋಟೀನೆಂದೇ ತಪ್ಪು ತಿಳಿದಿದ್ದರು. ಕ್ಯಾನ್ಸರ್ ತಡೆಯುವುದು ಅದರ ಕೆಲಸ, ಕೆಟ್ಟ ಪಿ53 ಮಾತ್ರ ಅಪಾಯಕಾರಿ ಎಂದು 1989ರ ಹೊತ್ತಿಗೆ ತಿಳಿಯಿತು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೋಶದ ವಿಭಜನೆಯನ್ನು ತಡೆದು ನಿಲ್ಲಿಸುವುದು, ದುರಸ್ತಿ ಆಗದಿದ್ದರೆ ಸಾವಿಗೆ ಒಪ್ಪಿಸುವುದು ಅದರ ಪಾಲಿನ ಕೆಲಸ. ಇದಕ್ಕೆ ಎದುರು ನಿಲ್ಲುವ ಬಿಸಿಎಲ್-2 ಎಂಬ ಪ್ರೋಟೀನು ಕೋಶವನ್ನು ಬೆಳೆಸದೆಯೇ, ಸಾಯದಂತೆ ತಡೆಯುವುದರಿಂದಲೇ ಕ್ಯಾನ್ಸರಿಗೆ ನೆರವಾಗುತ್ತದೆಂದು 1988ರಲ್ಲಿ ಗೊತ್ತಾಯಿತು. ಚರ್ಮದ ಪೂರ್ವಕ್ಯಾನ್ಸರಿಗೆ ಈ ಎಲ್ಲ ಎಳೆಗಳು ಬಂದು ಕೂಡಿದ್ದು 1994ರಲ್ಲಿ. ಬಿಸಿಲಿನಿಂದ ಆಗುವ ಪೂರ್ವಕ್ಯಾನ್ಸರ್ ಗಂಟುಗಳಲ್ಲಿ ಪಿ53 ಕೆಟ್ಟಿರುತ್ತದೆ, ಪಿ53 ಇಲ್ಲದ ಇಲಿಯ ಚರ್ಮದಲ್ಲಿ ಅತಿನೇರಳೆ ಕಿರಣಕ್ಕೆ ಸಾಯಬೇಕಾದ ಕೋಶಗಳು ಸಾಯುವುದಿಲ್ಲ ಎಂದು ಅಮೆರಿಕದ ಡಗ್ಲಸ್ ಬ್ರ್ಯಾಶ್ ಮತ್ತು ಸಂಗಡಿಗರು ತೋರಿಸಿದರು. ಕಳೆನಾಶಕ ಹೊಡೆದಾಗ ಬೆಳೆ ಸತ್ತು ಅದಕ್ಕೆ ಜಗ್ಗದ ಕಳೆಯೇ ಖಾಲಿ ಜಾಗವನ್ನೆಲ್ಲ ಹಬ್ಬಿಕೊಂಡಂತೆ, ಸರಿಯಾದ ಕೋಶಗಳು ಮರ್ಯಾದೆಯಿಂದ ಸತ್ತು ತೆರವಾದ ಜಾಗಕ್ಕೆ ಸಾಯಲೊಲ್ಲದ ಕೋಶದ ಸಂತತಿ ಬಂದು ಕೂರುತ್ತದೆ.

ಆರ್ಸೆನಿಕ್ ಬಿಸಿಲಿನಂತೆ ನೇರವಾಗಿ ಡಿಎನ್‌ಎಯ ಅಕ್ಷರ ತಿದ್ದುವುದು ಕಡಿಮೆ. ಬೇರೆ ಪೆಟ್ಟುಗಳು ದುರಸ್ತಿಯಾಗದಂತೆ ಅಡ್ಡಗಾಲು ಹಾಕುವುದು, ಕೋಶದೊಳಗೆ ಆಕ್ಸಿಡೀಕರಣದ ಒತ್ತಡ ಹೆಚ್ಚಿಸುವುದು, ಜೀನುಗಳನ್ನು ತೆರೆದು ಮುಚ್ಚುವ ಏರ್ಪಾಟನ್ನು ಕೆಡಿಸುವುದು ಅದರ ರೀತಿ. 1990ರ ದಶಕದಲ್ಲಿ ತೈವಾನಿನ ವೈದ್ಯರು ಆರ್ಸೆನಿಕ್ ಪೀಡಿತರ ಚರ್ಮದ ಚೂರುಗಳಲ್ಲಿ ಪಿ53, ಬಿಸಿಎಲ್-2 ಮತ್ತು ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ತೋರುವ ಕೆಐ-67 ಎಂಬ ಗುರುತುಗಳನ್ನು ಬಣ್ಣ ಹಾಕಿ ಹುಡುಕಿದರು. ಸಹಜ ಪಿ53 ಅಲ್ಪಾಯುಷಿ, ಕೋಶದಲ್ಲಿ ಕಾಣುವಷ್ಟು ಉಳಿಯುವುದಿಲ್ಲ. ಕೆಟ್ಟದ್ದು ಬೇಗ ಕರಗದೆ ಗುಡ್ಡೆಯಾಗುತ್ತದೆ. ಹಾಗಾಗಿ ಬಣ್ಣ ಹತ್ತಿದ ಕೋಶಕೇಂದ್ರಗಳು ಅನುಮಾನಕ್ಕೆ ಎಡೆ. ಆರ್ಸೆನಿಕ್‌ನ ಬೋವೆನ್ ಪಟ್ಟಿಗಳಲ್ಲಿ ಇಂಥ ಕೋಶಗಳು ಕಂಡವು. ಇಲ್ಲಿ ಅವಸರದ ತೀರ್ಪು ಬೇಡ. ಪೆಟ್ಟು ತಿಂದ ಕೋಶದಲ್ಲಿ ಸರಿಯಾದ ಪಿ53 ಕೂಡ ಸ್ವಲ್ಪ ಕಾಲ ಹೆಚ್ಚುತ್ತದೆ, ಆಗಲೂ ಬಣ್ಣ ಹತ್ತುತ್ತದೆ. ಪಿ53 ಕೆಟ್ಟ ಕೋಶಗಳ ಗುಂಪುಗಳು ಆರೋಗ್ಯವಂತರ ಬಿಸಿಲು ಕಂಡ ಚರ್ಮದಲ್ಲೂ ಸಾಕಷ್ಟು ಇರುತ್ತವೆ. ಅವುಗಳಲ್ಲಿ ಬಹುಪಾಲು ಎಂದೂ ಕ್ಯಾನ್ಸರಾಗುವುದಿಲ್ಲ. ಈ ಗುರುತುಗಳು ಯಾವ ವ್ಯಕ್ತಿಗೆ ಕ್ಯಾನ್ಸರ್ ಬರುತ್ತದೆಂದು ಕಣಿ ಹೇಳುವುದಿಲ್ಲ. ಒಂದು ಚರ್ಮದ ಹೊಲದಲ್ಲಿ ಸಾಯುವ ಕ್ರಮ ತಪ್ಪಿದೆ ಎಂದಷ್ಟೇ ಹೇಳುತ್ತವೆ. ನನ್ನ ವಾದಕ್ಕೆ ಬೇಕಾದದ್ದೂ ಅಷ್ಟೇ.

ಇಲ್ಲೊಂದು ತೊಡಕು ಬರುತ್ತದೆ. ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಆರ್ಸೆನಿಕ್ ಟ್ರಯಾಕ್ಸೈಡ್ ಇಂದು ಉತ್ತಮ ಔಷಧಿ. ಚೀನಾದ ಹಾರ್ಬಿನ್ನಿನಲ್ಲಿ 1970ರ ದಶಕದಲ್ಲಿ ಶುರುವಾದ ಆ ಚಿಕಿತ್ಸೆಗೆ 2000ದಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ಕೋಶವನ್ನು ಸಾವಿಗೆ ದೂಡುವ ವಸ್ತುವೇ ಚರ್ಮದ ಕೋಶವನ್ನು ಸಾಯದಂತೆ ಮಾಡುತ್ತದೆಂದರೆ ಹೇಗೆ? ಅಲ್ಲಿ ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ ಕೆಲವು ವಾರ, ತಿಂಗಳು ರಕ್ತನಾಳಕ್ಕೆ ಕೊಡುವ ಗಟ್ಟಿ ಪ್ರಮಾಣ. ಅದು ಆ ಕ್ಯಾನ್ಸರಿನಲ್ಲಿ ಮಾತ್ರ ಇರುವ ಕೆಟ್ಟ ಪ್ರೋಟೀನೊಂದನ್ನು ಕರಗಿಸುತ್ತದೆ. ಇಲ್ಲಿ ದಿನಾ ಕುಡಿಯುವ ನೀರಿನೊಂದಿಗೆ ಹತ್ತಿಪ್ಪತ್ತು ವರ್ಷ ಹೊಟ್ಟೆಗಿಳಿಯುವ ಅಲ್ಪ ಪ್ರಮಾಣ. ಅದಕ್ಕೆ ಸಾಯುವ ಕೋಶ ಸಾಯುತ್ತದೆ, ತಡೆದುಕೊಂಡದ್ದು ಉಳಿದು ಹಬ್ಬುತ್ತದೆ. ಎರಡೂ ಒಂದೇ ನಿಯಮದ ಎರಡು ಮುಖ.

ಕೋಶದ ಈ ಕಥೆ ಬರಿಯ ಪ್ರಯೋಗಾಲಯದ್ದೇ ಆಗಿದ್ದರೆ ಚರಿತ್ರೆಕಾರರು ಅದನ್ನು ಬದಿಗಿಡಬಹುದಿತ್ತು. ಊರಿನ ಮಟ್ಟದಲ್ಲಿಯೂ ಅದಕ್ಕೆ ಪುರಾವೆ ಒದಗಿಸಿದ್ದು ಚಿಲಿ ದೇಶದ ಮರುಭೂಮಿಯ ಬಂದರು ಆಂತೊಫಗಾಸ್ತಾ. ನೀರಿನ ಬರ ನೀಗಲೆಂದು 1958ರಲ್ಲಿ ಬೆಟ್ಟದ ನದಿಯ ನೀರನ್ನು ಆ ನಗರಕ್ಕೆ ತಂದರು. ಅದರಲ್ಲಿ ಲೀಟರಿಗೆ ಸುಮಾರು 870 ಮೈಕ್ರೊಗ್ರಾಂ ಆರ್ಸೆನಿಕ್ ಇತ್ತು. ಮಕ್ಕಳ ಮೈಮೇಲೆ ಕಲೆಗಳೆದ್ದವು. 1970ರಲ್ಲಿ ನೀರು ಶುದ್ಧೀಕರಿಸುವ ಘಟಕ ಬಂತು, ಆರ್ಸೆನಿಕ್ ಇಳಿಯಿತು. ಎಲ್ಲರಿಗೂ ಒಂದೇ ನೀರು, ಶುರುವಾದ ವರ್ಷ ಗೊತ್ತು, ನಿಂತ ವರ್ಷ ಗೊತ್ತು. ಇಷ್ಟು ಚೊಕ್ಕವಾದ ದಾಖಲೆ ಇಂಥ ವಿಷಯದಲ್ಲಿ ಅಪರೂಪ. ನೀರು ಸರಿಯಾದ ಇಪ್ಪತ್ತು ವರ್ಷದ ಮೇಲೂ ಅಲ್ಲಿ ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿನ ಸಾವುಗಳು ಉಳಿದ ದೇಶಕ್ಕಿಂತ ಬಹಳ ಹೆಚ್ಚಾಗಿದ್ದವು. ನಲವತ್ತು ವರ್ಷ ಕಳೆದರೂ ಅಪಾಯ ಉಳಿದಿತ್ತೆಂದು ಮುಂದಿನ ಅಧ್ಯಯನಗಳು ಹೇಳಿದವು. ಅಲ್ಲಿನ ಕಡತದಲ್ಲಿ ಘಟನೆ ಹನ್ನೆರಡು ವರ್ಷದ್ದು, ಜನರ ಮೈಯಲ್ಲಿ ಅರ್ಧ ಶತಮಾನದ್ದು.

ಕಿರದಳ್ಳಿಯಂಥ ತಾಂಡಾಕ್ಕೆ ಪಿ53, ಬಿಸಿಎಲ್-2ಗಳ ಮಾತು ಯಾಕೆ, ಅಲ್ಲಿ ಬೇಕಾದದ್ದು ನಲ್ಲಿ ನೀರಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನೀರು ಮೊದಲು, ಅದರಲ್ಲಿ ಎರಡು ಮಾತಿಲ್ಲ. ವಿಷ ಒಳಹೋಗುವುದು ನಿಂತರೆ ಎಷ್ಟೋ ಜನರ ಕಲೆಗಳು ತಿಳಿಯಾಗುತ್ತವೆ. ಊರಿನ ಪ್ರತಿಯೊಬ್ಬರ ಚರ್ಮದ ಚೂರು ತೆಗೆದು ಬಣ್ಣ ಹಾಕಬೇಕೆಂದು ಯಾರೂ ಹೇಳುತ್ತಿಲ್ಲ, ಹಾಗೆ ಮಾಡಿದರೂ ಉಪಯೋಗ ಅಷ್ಟಕ್ಕಷ್ಟೇ. ಕೋಶದ ಚರಿತ್ರೆಯಿಂದ ನಮಗೆ ದಕ್ಕುವುದು ಪರೀಕ್ಷೆಯಲ್ಲ, ಕಾಲದ ಅಂದಾಜು. ವರದಿ ಬಂದಾಗ ಹತ್ತು ವರ್ಷದ್ದಿದ್ದ ಮಗುವಿಗೆ 2033ಕ್ಕೆ ಮೂವತ್ತು, 2053ಕ್ಕೆ ಐವತ್ತು. ತೈವಾನಿನ ಲೆಕ್ಕದ ಪ್ರಕಾರ ಅವರನ್ನು ನೋಡಬೇಕಾದ ಕಾಲ ಈಗಷ್ಟೇ ಶುರುವಾಗಿದೆ. ನೋಡುವುದಕ್ಕೆ ಬೇಕಾದದ್ದೂ ದೊಡ್ಡದಲ್ಲ: ವರ್ಷಕ್ಕೊಮ್ಮೆ ಅಂಗೈ, ಅಂಗಾಲು, ಬೆನ್ನು ನೋಡಬಲ್ಲ ತರಬೇತಾದ ಆಶಾ ಕಾರ್ಯಕರ್ತೆ, ಅನುಮಾನ ಬಂದರೆ ಬಯಾಪ್ಸಿಗೆ ಕಳಿಸಲು ಒಂದು ಜಿಲ್ಲಾ ಆಸ್ಪತ್ರೆ. ಬೋವೆನ್ ಪಟ್ಟಿಯನ್ನು ಬೇಗ ಕಂಡರೆ ಕತ್ತರಿಸಿಯೋ, ತಣ್ಣನೆಯ ದ್ರವ ಸಾರಜನಕದಿಂದ ಸುಟ್ಟೋ, ಮುಲಾಮಿನಿಂದಲೋ ತೆಗೆಯಬಹುದು. ಬಂಗಾಳದಲ್ಲಿ ಈ ಕಲೆಗಳನ್ನು ಕುಷ್ಠವೆಂದು ತಿಳಿದು ಜನರನ್ನು ದೂರವಿಟ್ಟದ್ದೂ ಉಂಟು. ನೋಡುವವರಿಗೆ ಆ ವ್ಯತ್ಯಾಸವೂ ಗೊತ್ತಿರಬೇಕು. ನಿಜವಾದ ತೊಂದರೆ ಬೇರೆ. ತಾಂಡಾದ ಕುಟುಂಬಗಳು ಒಂದೇ ಕಡೆ ನಿಲ್ಲುವುದಿಲ್ಲ. ಸುರಪುರದ್ದಾಗಲಿ ಹಡಗಲಿ, ಹರಪನಹಳ್ಳಿಯದಾಗಲಿ, ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಇಪ್ಪತ್ತು ವರ್ಷದ ಮೇಲೆ ಬೆಂಗಳೂರಿನ ಶೆಡ್ಡೊಂದರಲ್ಲಿ ಎದ್ದ ಗಂಟಿಗೂ ಸುರಪುರದ ಬೋರಿಗೂ ಇರುವ ನಂಟು ಅಲ್ಲಿನ ವೈದ್ಯರಿಗೆ ಹೊಳೆಯುವ ದಾರಿ ಒಂದೇ, ಆ ನೀರು ಕುಡಿದವರ ಹೆಸರಿನ ಪಟ್ಟಿ ಜೀವಂತವಾಗಿರುವುದು. ಶುರು ಮಾಡಲು ತಪಾಸಣೆಗೆ ಬಂದ 181 ಜನ ಇದ್ದಾರೆ.